ಕಾಡಿನ ಕಾಫಿ ಗಿಡದ ನಾಮಕರಣ

ಕಳೆದ ತಿಂಗಳು ನಮ್ಮತ್ತೆಯವರಿಗೆ ಎದೆ ಡವಡವ ಅಂತಿದೆ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರು ಎಲ್ಲ ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟು, ಏಳುವ ಹೊತ್ತಿಗೆ "ಅಮ್ಮಾ, ಇನ್ನು ಕಾಫಿ ಬಿಟ್ಟುಬಿಡಿ" ಅಂದರು. ಎಪ್ಪತ್ತೆಂಟು ವರ್ಷದ ಜೀವ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬೆಳಗಿನ ಐದೂವರೆಗೆ ಹಿತ್ತಾಳೆ ಫಿಲ್ಟರಿಗೆ ನೀರು ಹೊಯ್ದ ಕೈ ಅದು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆಟೋದಿಂದ ಇಳಿಯುವಾಗ ಮಾತ್ರ, "ಉಪ್ಪು ಬಿಡು ಅಂದಿದ್ರೆ ಬಿಡ್ತಿದ್ದೆ ಕಣೇ" ಅಂದರು.

ಆ ವಾರವೆಲ್ಲ ಮನೆಯಲ್ಲಿ ಸೂತಕದ ಕಳೆ. ನಾವು ಕುಡಿಯುವುದನ್ನೂ ಕದ್ದು ಕುಡಿಯುವ ಹಾಗಾಯಿತು. ಆಗ ನನ್ನ ಮಗಳು ಎಲ್ಲೋ ಓದಿಕೊಂಡು ಬಂದು ಹೇಳಿದಳು: "ಅಜ್ಜಿ, ಆಫ್ರಿಕಾದ ಕಾಡಲ್ಲಿ ಒಂದು ಕಾಫಿ ಗಿಡ ಇದೆ, ಅದರ ಬೀಜದಲ್ಲಿ ಕೆಫೀನೇ ಇಲ್ಲವಂತೆ. ನಿಮ್ಮ ಎದೆ ಬಡಿತಕ್ಕೆ ಕಾರಣ ಅದೇ ಕೆಫೀನು." ಅತ್ತೆಯವರ ಮುಖ ಅರಳಿತು. "ಹೌದೇನೇ? ಹಾಗಾದ್ರೆ ಒಂದು ಸಸಿ ತರಿಸು. ಬಾಳೆಹೊನ್ನೂರಲ್ಲಿ ಕೇಳಿದ್ರೆ ಸಿಗಲ್ವಾ?"

ಅತ್ತೆಗೆ ಉತ್ತರ ಹೇಳಬೇಕಲ್ಲ ಅಂತ ಆ ಗಿಡದ ಜಾತಕ ಹುಡುಕಿಕೊಂಡು ಹೋದೆ. ಇನ್ನೂ ಹೊರಗೆ ಬಂದಿಲ್ಲ ನಾನು!

ಕ್ಯಾಮರೂನ್ ಅಂತ ಆಫ್ರಿಕಾದಲ್ಲಿ ಒಂದು ದೇಶ. ಅದರ ಪಶ್ಚಿಮದ ಕಡೆ ಬಕೋಸಿ ಅನ್ನುವ ಕಾಯ್ದಿಟ್ಟ ಕಾಡು. ನಮ್ಮ ಆಗುಂಬೆಯ ಹಾಗೆ ಮಳೆ ಸುರಿಯುವ ದಟ್ಟ ಹಸಿರು ಸೀಮೆ. ಅಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆದಿದ್ದ ಪೊದೆ ಇದು. 1980ರ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ಕಾಡು ಕಾಫಿಗಳನ್ನು ಹುಡುಕುತ್ತ ಕ್ಯಾಮರೂನ್ ಸುತ್ತಿದಾಗ ಸಿಕ್ಕಿತು. ಐವರಿ ಕೋಸ್ಟಿನಲ್ಲಿ ಕಾಫಿ ಜಾತಿಗಳನ್ನೆಲ್ಲ ಕೂಡಿಟ್ಟ ತೋಟವೊಂದಿತ್ತು, ಅಲ್ಲಿಗೆ ಒಯ್ದು ಬೆಳೆಸಿದರು. ಆದರೆ ಹೆಸರು ಮಾತ್ರ ಇಡಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮಗು ಅನಾಮಧೇಯವಾಗಿಯೇ ಬೆಳೆಯಿತು.

ಹೆಸರಿಡುವುದೇನು ಮಹಾ, ಕಿವಿಯಲ್ಲಿ ಮೂರು ಸಲ ಉಸುರಿದರೆ ಆಯಿತು ಅಂದುಕೊಂಡಿದ್ದೆ. ಅಲ್ಲವಂತೆ. ಗಿಡಕ್ಕೆ ನಾಮಕರಣ ಅಂದರೆ ಹಳೇ ಕಾಲದಲ್ಲಿ ಹೆಣ್ಣು ನೋಡಲು ಬರುತ್ತಿದ್ದವರಿಗಿಂತ ಹೆಚ್ಚಿನ ಪರೀಕ್ಷೆ. ಎಲೆ ಎಷ್ಟು ಉದ್ದ, ಎಷ್ಟು ಅಗಲ, ತೊಟ್ಟು ಹೇಗಿದೆ, ರೋಮ ಇದೆಯೇ, ಒಂದು ಗಿಣ್ಣಿನಲ್ಲಿ ಎಷ್ಟು ಹೂ, ಹೂವಿಗೆ ಎಷ್ಟು ಎಸಳು, ಹಣ್ಣಿನ ಬಣ್ಣ, ಬೀಜದ ಅಳತೆ, ಎಲ್ಲವನ್ನೂ ಬರೆಯಬೇಕು. ಆಮೇಲೆ ಈಗಾಗಲೇ ಹೆಸರಿರುವ ಅಕ್ಕತಂಗಿಯರನ್ನೆಲ್ಲ ಪಕ್ಕಕ್ಕಿಟ್ಟು ನೋಡಿ, ಇದು ಅವರ್‍ಯಾರೂ ಅಲ್ಲ ಅಂತ ತೋರಿಸಬೇಕು. ಒಂದು ಕೊಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ರಟ್ಟಿಗೆ ಅಂಟಿಸಿ, 'ಈ ಹೆಸರಿನ ಗಿಡ ಅಂದರೆ ಇದೇ' ಅಂತ ಸಾಕ್ಷಿಗೆ ಶಾಶ್ವತವಾಗಿ ಇಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಆ ಒಣಕೊಂಬೆಯೇ ತೀರ್ಪು ಹೇಳುವುದು. ಇನ್ನೊಂದು ತಮಾಷೆ ಕೇಳಿ. 2011ರ ಕೊನೆಯವರೆಗೂ ಹೊಸ ಸಸ್ಯದ ಲಕ್ಷಣವನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕು ಅಂತ ನಿಯಮವಿತ್ತು. ಪುರೋಹಿತರ ಸಂಕಲ್ಪದ ಹಾಗೆ, ಮನೆಯವರಿಗೆ ಅರ್ಥವಾಗಲಿ ಬಿಡಲಿ! 2012ರಿಂದ ಇಂಗ್ಲಿಷಿನಲ್ಲೂ ಆಗಬಹುದು.

ಅಂತೂ 2008ರಲ್ಲಿ ಬೆಲ್ಜಿಯಮ್ಮಿನ ಪೀಟ್ ಸ್ಟೋಫೆಲೆನ್ ಮತ್ತು ಸಂಗಡಿಗರು ಲಂಡನ್ನಿನ ಲಿನೇಯನ್ ಸೊಸೈಟಿಯ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಈ ನಾಮಕರಣ ನೆರವೇರಿಸಿದರು. ಹೆಸರು 'ಕಾಫಿಯಾ ಶಾರಿಯೇರಿಯಾನ'. ಕಾಫಿ ತಳಿಗಳ ಸಂಶೋಧನೆಯಲ್ಲಿ ಆಯುಷ್ಯ ಸವೆಸಿದ ಆಂದ್ರೆ ಶಾರಿಯೆ ಅನ್ನುವ ಫ್ರೆಂಚ್ ಪ್ರೊಫೆಸರರ ನೆನಪಿಗೆ ಆ ಹೆಸರು. ಮರುವರ್ಷ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಮಾಡಿದ ಹತ್ತು ಹೊಸ ಜೀವಿಗಳ ಪಟ್ಟಿಯಲ್ಲಿ ನಮ್ಮ ಗಿಡವೂ ಸೇರಿತು. ಇದಕ್ಕೂ ಮೊದಲು ಕೆಫೀನಿಲ್ಲದ ಕಾಫಿ ಕೀನ್ಯಾದಲ್ಲಿ ಒಂದು ಸಿಕ್ಕಿತ್ತು. ಅದರ ಹೆಸರು ಸ್ಯೂಡೋಜಾಂಗ್ವೆಬಾರಿಯೆ. ಅತ್ತೆ ಎರಡು ಸಲ ಹೇಳಿಸಿಕೊಂಡು, "ಅದು ಬೇಡ, ಇದೇ ಇರಲಿ" ಅಂದರು.

ಹೆಸರಿನ ಮಾತು ಬಂತಲ್ಲ, ನಮ್ಮ ತೋಟಗಳ ಅರಾಬಿಕಾ ಕಾಫಿಯ ತವರು ಇಥಿಯೋಪಿಯಾ. ಬಾಬಾಬುಡನ್ ಅವರು ಏಳು ಬೀಜ ತಂದರು ಅಂತ ಪ್ರತೀತಿ ಇರುವ ಯೆಮನ್ ಅದರ ಸಾಕುಮನೆ. ಆದರೂ 1753ರಲ್ಲಿ ಲಿನೇಯಸ್ ಮಹಾಶಯರು ಅದಕ್ಕೆ 'ಅರಬರ ಕಾಫಿ' ಅಂತಲೇ ಹೆಸರಿಟ್ಟರು. ಹೆಣ್ಣುಮಕ್ಕಳ ತವರಿನ ಹೆಸರು ಅಳಿಸಿಹೋಗುವುದು ನಮಗೇನು ಹೊಸದಲ್ಲ, ಬಿಡಿ.

ಅತ್ತೆಯ ಪ್ರಶ್ನೆಗೆ ಬರುತ್ತೇನೆ. ಅರಾಬಿಕಾ ಬೀಜದಲ್ಲಿ ನೂರಕ್ಕೆ ಸುಮಾರು 1.2 ಪಾಲು ಕೆಫೀನು, ರೋಬಸ್ಟಾದಲ್ಲಿ ಸುಮಾರು 2.2. ಈಗ ಅಂಗಡಿಯಲ್ಲಿ ಸಿಗುವ ಕೆಫೀನು ತೆಗೆದ ಪುಡಿ ಅಂದರೆ ಇದೇ ಮಾಮೂಲಿ ಬೀಜವನ್ನು ಹುರಿಯುವ ಮೊದಲೇ ನೆನೆಸಿ, ಕೆಫೀನನ್ನು ಎಳೆದು ತೆಗೆದದ್ದು. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಜರ್ಮನಿಯ ಲುಡ್ವಿಗ್ ರೋಸೇಲಿಯಸ್ ಎಂಬುವರು ಶುರುಮಾಡಿದ ವಿದ್ಯೆ. ಆಗ ಬಳಸಿದ್ದು ಬೆಂಜೀನ್ ಅನ್ನುವ ವಿಷದ ದ್ರಾವಣ, ಈಗ ಅದಿಲ್ಲ. ನಾನೂ ಒಂದು ಪೊಟ್ಟಣ ತಂದೆ. ಅತ್ತೆ ಒಂದು ಗುಟುಕು ಕುಡಿದು, "ಬಣ್ಣ ಚೆನ್ನಾಗಿದೆ" ಅಂದು ಲೋಟ ಕೆಳಗಿಟ್ಟರು.

ಹುಟ್ಟಾ ಕೆಫೀನಿಲ್ಲದ ಗಿಡವೇ ಇದ್ದರೆ ಈ ತಾಪತ್ರಯ ಇಲ್ಲ, ನಿಜ. ಆದರೆ ಕೆಫೀನು ಇಲ್ಲ ಅಂದ ಮಾತ್ರಕ್ಕೆ ರುಚಿ ಇರುತ್ತದೆ ಅಂತಲ್ಲ. ಮಡಗಾಸ್ಕರಿನಲ್ಲಿ ಕೆಫೀನಿಲ್ಲದ ಕಾಡು ಕಾಫಿಗಳು ಬೇಕಾದಷ್ಟಿವೆ, ಎಷ್ಟೋ ಜಾತಿಯ ಬೀಜ ಹುರಿದು ಕುಡಿದರೆ ಬರೀ ಕಹಿ. ಕಾಡಿನ ಗುಣವನ್ನೂ ತೋಟದ ಗುಣವನ್ನೂ ಕೂಡಿಸಿ ಒಳ್ಳೆ ತಳಿ ಮಾಡುವುದು ವರ್ಷಗಟ್ಟಲೆಯ ತಪಸ್ಸು. ಆಗದ ಕೆಲಸವೇನಲ್ಲ. 1925ರಿಂದ ನಡೆದುಬಂದಿರುವ ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದೇ ಎಸ್. 795 ಅನ್ನುವ ತಳಿ ಇದೆ, ಮಲೆನಾಡಿನ ತೋಟದವರಿಗೆಲ್ಲ ಗೊತ್ತು. ಅದರ ಮೈಯಲ್ಲಿ ಆಫ್ರಿಕಾದ ಲೈಬೀರಿಕಾ ಅನ್ನುವ ಬೇರೊಂದು ಜಾತಿಯ ರಕ್ತವಿದೆ. ಎಲೆಗೆ ತುಕ್ಕುರೋಗ ಬಂದು ತೋಟಕ್ಕೆ ತೋಟವೇ ಬೋಳಾಗುತ್ತಿದ್ದಾಗ ತಡೆದುಕೊಳ್ಳುವ ಶಕ್ತಿ ಕೊಟ್ಟಿದ್ದು ಆ ದೂರದ ನೆಂಟಳು. ನಾವು ಬೆಳಗಾಗೆದ್ದು ಕುಡಿಯುವ ಲೋಟದಲ್ಲಿ ಅವಳದೂ ಒಂದು ಪಾಲಿದೆ ಅಂತ ನನಗೆ ಈ ನಲವತ್ತು ದಾಟಿದ ವಯಸ್ಸಿನಲ್ಲಿ ತಿಳಿಯಿತು ನೋಡಿ.

ಇಂಥ ನೆಂಟರು ಎಷ್ಟು ಉಳಿದಿದ್ದಾರೆ ಅಂತ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರು 2019ರಲ್ಲಿ ಲೆಕ್ಕ ಹಾಕಿದರು. ಜಗತ್ತಿನಲ್ಲಿ ಆಗ ಹೆಸರಿದ್ದ ಕಾಫಿ ಜಾತಿ 124. ಅದರಲ್ಲಿ 75 ಅಳಿವಿನ ಅಂಚಿನ ಕಡೆಗೆ ಸರಿಯುತ್ತಿವೆ. ಕಾಡು ಕಡಿದು ಹೊಲ ಮಾಡುವುದು, ಮರ ಸಾಗಿಸುವುದು, ಮಳೆ ಹದ ತಪ್ಪುವುದು, ಎಲ್ಲ ಸೇರಿ. ಕಾಫಿ ಬೀಜವನ್ನು ಭತ್ತ ರಾಗಿಯ ಹಾಗೆ ಒಣಗಿಸಿ ಡಬ್ಬದಲ್ಲಿ ತುಂಬಿಟ್ಟರೆ ಬಹಳ ಕಾಲ ಮೊಳಕೆಯ ಶಕ್ತಿ ಉಳಿಯುವುದಿಲ್ಲ. ಗಿಡವನ್ನು ಗಿಡವಾಗಿಯೇ ಉಳಿಸಬೇಕು. ಬಕೋಸಿ ಕಾಡಿನ ಆ ಪೊದೆ ಯಾರ ಕಣ್ಣಿಗೂ ಬೀಳುವ ಮೊದಲೇ ಸೌದೆಯಾಗಿದ್ದರೆ, ಅಂಥದೊಂದು ಇತ್ತು ಅಂತ ಹೇಳುವವರೂ ಇರುತ್ತಿರಲಿಲ್ಲ. ಹೆಸರಿಲ್ಲದ್ದಕ್ಕೆ ಯಾರು ಅಳುತ್ತಾರೆ? ನಮ್ಮ ದಕ್ಷಿಣದ ಕಾಡುಗಳಲ್ಲೂ ಕಾಡು ಕಾಫಿ ಇದೆ. ಕಾಫಿಯಾ ಟ್ರಾವಂಕೋರೆನ್ಸಿಸ್ ಅಂತ ಒಂದರ ಹೆಸರು, ತಿರುವಾಂಕೂರಿನ ನೆನಪಿನದು. ನನ್ನ ತವರಿನ ಹಿಂದಿನ ಗುಡ್ಡದಲ್ಲಿ ಮಲ್ಲಿಗೆಯಂಥ ಬಿಳಿ ಹೂ ಬಿಡುವ ಪೊದೆಗಳೆಷ್ಟೋ ಇದ್ದವು. ಒಂದನ್ನೂ ಹೆಸರು ಹಿಡಿದು ಕೇಳಲಿಲ್ಲ ನಾನು. ಈಗ ಅಲ್ಲಿ ಬಡಾವಣೆ.

ಸಸಿ ಸದ್ಯಕ್ಕೆ ಬರುವುದಿಲ್ಲ ಅಂತ ಅತ್ತೆಗೆ ಹೇಳಿದ್ದಾಯಿತು. ಅದುವರೆಗೆ ನಮ್ಮ ಮನೆಯಲ್ಲಿ ನಡೆದಿರುವುದು ಕಷಾಯ. ಒಂದು ಪಾವು ಕೊತ್ತಂಬರಿ ಬೀಜ, ಕಾಲು ಪಾವು ಜೀರಿಗೆ, ಒಂದು ಚಮಚ ಮೆಂತ್ಯ, ಹತ್ತು ಕಾಳು ಮೆಣಸು ಬೇರೆಬೇರೆಯಾಗಿ ಹುರಿದು, ಬೆರಳುದ್ದ ಒಣಶುಂಠಿ ಸೇರಿಸಿ ಪುಡಿ ಮಾಡಿಟ್ಟುಕೊಳ್ಳಿ. ಮೆಂತ್ಯ ಕಪ್ಪಾಗಬಾರದು. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಹಾಲು. ಕುದಿಯುವಾಗ ಹಾಕಿದರೆ ಒಡೆಯುತ್ತದೆ.

ಮೊನ್ನೆ ಮತ್ತೆ ಡಾಕ್ಟರ ಬಳಿ ಹೋದಾಗ, ಬೆಳಿಗ್ಗೆ ಒಂದು ಹೊತ್ತು ಅರ್ಧ ಲೋಟ ಆಗಬಹುದು ಅಂದರು. ಚಿಕೋರಿ ಸ್ವಲ್ಪ ಮುಂದಾಗಿಯೇ ಬೆರೆಸಿ, ಎರಡನೇ ಡಿಕಾಕ್ಷನ್ನಿನಲ್ಲಿ ಕೊಡುತ್ತಿದ್ದೇನೆ. ಅತ್ತೆ ಲೋಟ ಖಾಲಿ ಮಾಡಿ ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ: "ಆ ಕ್ಯಾಮರೂನಿನವಳ ಸಮಾಚಾರ ಏನಾದ್ರೂ ಬಂತೇನೇ?"