ಮೊದಲು ಸೀಸೆಯ ಪರೀಕ್ಷೆ, ಅನಂತರ ದೇಹದ ಪರೀಕ್ಷೆ

ಬೇಗೂರಿನ ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರಲ್ಲಿ ಮಧುಮೇಹಿಗಳ ಸಂಖ್ಯೆಯೇ ದೊಡ್ಡದು. ಸೇವಿಸುತ್ತಿರುವ ಔಷಧಗಳನ್ನೆಲ್ಲ ಜೊತೆಗೆ ತನ್ನಿರೆಂದು ಅವರಿಗೆ ಹೇಳುವುದು ನಮ್ಮ ವಾಡಿಕೆ. ಹಾಗೆ ತಂದ ಚೀಲಗಳಲ್ಲಿ ಆಗಾಗ್ಗೆ ‘ಯುರೇನಿಯಂ ನೈಟ್ರಿಕಂ’ ಎಂಬ ಹೋಮಿಯೋಪಥಿ ಮಾತ್ರೆಯ ಸೀಸೆ ಕಾಣಸಿಗುತ್ತದೆ. ಹೆಸರನ್ನು ಓದಿದವರು “ಇದು ಅಣುಬಾಂಬಿನ ಯುರೇನಿಯಂ ತಾನೇ, ಡಾಕ್ಟರೇ?” ಎಂದು ಅಂಜಿಕೆಯಿಂದ ಕೇಳುತ್ತಾರೆ. ಹೆಚ್ಚಿನವರು ಓದಿಯೇ ಇರುವುದಿಲ್ಲ.

ಹೌದು, ಅದೇ ಯುರೇನಿಯಂ. ಅದೊಂದೇ ಅಲ್ಲ, ರೇಡಿಯಂ ಮತ್ತು ಪ್ಲುಟೋನಿಯಂ ಕೂಡ ಹೋಮಿಯೋಪಥಿಯಲ್ಲಿ ಔಷಧಗಳೆಂದು ಪರೀಕ್ಷೆಗೆ ಒಳಗಾಗಿವೆ. ಆ ಪರೀಕ್ಷೆಯ ಕ್ರಮದ ಬಗೆಗೇ ನಮ್ಮ ತಕರಾರು. ಅನ್ಯ ವೈದ್ಯಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇಲ್ಲಿ ಕೇಳುವ ಪ್ರಶ್ನೆಯನ್ನು ನಮ್ಮ ರಸೌಷಧಗಳಿಗೂ ಕೇಳಲಿದ್ದೇವೆ.

1790ರಲ್ಲಿ ಹಾನಿಮನ್ ಸಿಂಕೋನಾ ತೊಗಟೆಯನ್ನು ಸ್ವತಃ ಸೇವಿಸಿ, ತನ್ನ ದೇಹದಲ್ಲಿ ಕಂಡ ಲಕ್ಷಣಗಳನ್ನು ಬರೆದಿಟ್ಟನು. ಆರೋಗ್ಯವಂತರಿಗೆ ವಸ್ತುವನ್ನು ಕೊಟ್ಟು, ಅವರಲ್ಲಿ ಹುಟ್ಟುವ ಲಕ್ಷಣಗಳನ್ನು ಪಟ್ಟಿಮಾಡುವ ‘ಪ್ರೂವಿಂಗ್’ ಎಂಬ ಕ್ರಮ ಅಲ್ಲಿಂದ ಬೆಳೆಯಿತು. ರೋಗಿಯಲ್ಲಿ ಅಂಥದೇ ಲಕ್ಷಣ ಕಂಡರೆ ಅದೇ ವಸ್ತು ಮದ್ದು ಎಂಬುದು ಅವರ ಸಿದ್ಧಾಂತ. ಕ್ಯೂರಿ ದಂಪತಿಗಳು 1898ರಲ್ಲಿ ರೇಡಿಯಂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದರ ಪ್ರೂವಿಂಗ್ ಕೂಡ ನಡೆಯಿತು. ನಮ್ಮ ದೇಶದಲ್ಲಿಯೂ ಹೋಮಿಯೋಪಥಿ ವಿದ್ಯಾರ್ಥಿಗಳು ಬಳಸುವ ಬೋರಿಕ್‌ನ ಕೈಪಿಡಿಯಲ್ಲಿ ರೇಡಿಯಂನ ಲಕ್ಷಣಗಳೆಂದು ಕತ್ತಲಲ್ಲಿ ಒಂಟಿಯಾಗಿರಲು ಭಯ, ಜನರ ನಡುವೆ ಇರಬೇಕೆಂಬ ಆಸೆ, ಬೆಂಕಿಯ ಕನಸು ಮೊದಲಾದವು ಸೇರಿವೆ. (ಕತ್ತಲಲ್ಲಿ ಒಂಟಿಯಾಗಿರಲು ಅಂಜುವವರು ಯಾವ ಮನೆಯಲ್ಲಿಲ್ಲ?) ಬರಿಯ ಸಕ್ಕರೆ ಗುಳಿಗೆ ಪಡೆದ ಇನ್ನೊಂದು ಗುಂಪಿನೊಡನೆ ಹೋಲಿಸದ ಹೊರತು, ಆ ಕನಸು ರೇಡಿಯಂನದೋ ರಾತ್ರಿಯ ಅಜೀರ್ಣದ್ದೋ ಎಂದು ನಿರ್ಣಯಿಸುವುದು ಹೇಗೆ?

ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಸೀಸೆಯಲ್ಲಿ ಆ ವಸ್ತು ಇದೆಯೇ? ಬೇರಾವ ಔಷಧದ ವಿಷಯದಲ್ಲಿ ಈ ಪ್ರಶ್ನೆ ಕಠಿಣವಾದರೂ ವಿಕಿರಣಶೀಲ ವಸ್ತುವಿನ ವಿಷಯದಲ್ಲಿ ಸುಲಭ. ಅದು ತನ್ನ ಇರವನ್ನು ತಾನೇ ಸಾರುತ್ತದೆ. ರೇಡಿಯಂನ ಒಂದೊಂದು ಪರಮಾಣು ಒಡೆದಾಗಲೂ ಹೊರಬೀಳುವ ಕಿರಣವನ್ನು ಎಣಿಸಬಲ್ಲ ಉಪಕರಣಗಳಿವೆ. ಆದುದರಿಂದ ಮನುಷ್ಯನಿಗೆ ಕೊಡುವ ಮೊದಲು ಸೀಸೆಯನ್ನು ಉಪಕರಣದ ಮುಂದಿಡುವುದು ನ್ಯಾಯ.

ಹಾಗಿಟ್ಟರೆ ಎರಡರಲ್ಲಿ ಒಂದು ಉತ್ತರ ದೊರೆಯುತ್ತದೆ. ಹೋಮಿಯೋಪಥಿಯಲ್ಲಿ ‘ಸಿ’ ಎಂದರೆ ಒಂದು ಭಾಗಕ್ಕೆ ನೂರರ ಲೆಕ್ಕದಲ್ಲಿ ತೆಳುಗೊಳಿಸುವುದು. 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಕಣವಾದರೂ ಉಳಿದಿರುವ ಸಂಭವ ತೀರ ಕಡಿಮೆ. 30ಸಿ ಎಂದರೆ ಒಂದರ ಮುಂದೆ ಅರವತ್ತು ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು ಪಾಲು. ಅಂಥ ಸೀಸೆಯ ಮುಂದೆ ಉಪಕರಣ ಮೌನವಾಗಿರುತ್ತದೆ. ಆಗ ಪರೀಕ್ಷೆಗೆ ಒಳಗಾದದ್ದು ರೇಡಿಯಂ ಎನ್ನಲು ಆಧಾರವೇ ಉಳಿಯುವುದಿಲ್ಲ.

ಎರಡನೆಯ ಉತ್ತರ ಇದಕ್ಕಿಂತ ಗಂಭೀರವಾದುದು. ‘ಎಕ್ಸ್’ ಎಂದು ನಮೂದಾಗಿರುವ ಮಾತ್ರೆಗಳಲ್ಲಿ ಹತ್ತರ ಲೆಕ್ಕ. 3ಎಕ್ಸ್ ಎಂದರೆ ಹಾಲಿನ ಸಕ್ಕರೆಯೊಡನೆ ಅರೆದ ಸಾವಿರ ಭಾಗದಲ್ಲಿ ಒಂದು ಭಾಗ ಮೂಲವಸ್ತು. 250 ಮಿಲಿಗ್ರಾಂ ತೂಕದ ಒಂದು ಮಾತ್ರೆಯಲ್ಲಿ 250 ಮೈಕ್ರೋಗ್ರಾಂ ಯುರೇನಿಯಂ ನೈಟ್ರೇಟ್ ಇರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಸುಮಾರು 118 ಮೈಕ್ರೋಗ್ರಾಂ, ಯುರೇನಿಯಂ ಲೋಹವೇ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ದಿನಕ್ಕೆ ಎರಡು ಲೀಟರ್ ನೀರು ಕುಡಿಯುವವನಿಗೆ 60. ಒಂದೇ ಮಾತ್ರೆ ಅದನ್ನು ಇಮ್ಮಡಿಯ ಸಮೀಪಕ್ಕೆ ಒಯ್ಯುತ್ತದೆ. ಹೊತ್ತಿಗೆ ಎರಡರಂತೆ ದಿನಕ್ಕೆ ಮೂರು ಹೊತ್ತು ತಿಂಗಳುಗಟ್ಟಲೆ ನುಂಗುವವರ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಯುರೇನಿಯಂನ ಅಪಾಯ ಅದರ ಕಿರಣಕ್ಕಿಂತಲೂ ಅದರ ರಾಸಾಯನಿಕ ಗುಣದಲ್ಲಿದೆ. ಅದು ಮೊದಲು ಘಾತಿಸುವುದು ಮೂತ್ರಪಿಂಡಗಳನ್ನು. ಪ್ರಾಣಿಗಳಲ್ಲಿ ಮೂತ್ರಪಿಂಡದ ರೋಗವನ್ನು ಬೇಕೆಂದೇ ಉಂಟುಮಾಡಲು ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದುದು ಇದೇ ಯುರೇನಿಯಂ ನೈಟ್ರೇಟನ್ನು. ಮಧುಮೇಹಿಯ ಮೂತ್ರಪಿಂಡಗಳು ಮೊದಲೇ ಬಳಲಿರುತ್ತವೆ. ಯಾರಿಗೆ ಈ ವಸ್ತು ಎಲ್ಲರಿಗಿಂತ ಹೆಚ್ಚು ವರ್ಜ್ಯವೋ ಅವರ ಕೈಗೇ ಅದು ಮದ್ದೆಂದು ಸೇರುತ್ತಿರುವುದನ್ನು ಕಂಡೂ ಸುಮ್ಮನಿರಲು ನಮಗೆ ಸಾಧ್ಯವಿಲ್ಲ.

ಪೂರ್ವ ಕರ್ನಾಟಕದ ಹಲವು ಗ್ರಾಮಗಳ ಅಂತರ್ಜಲದಲ್ಲಿ ಯುರೇನಿಯಂ ಮಿತಿಮೀರಿದೆಯೆಂದು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದಾಗ ಜನ ಗಾಬರಿಗೊಂಡರು. ಅದು ಸಹಜವೇ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಕಗ್ಗಲ್ಲಿನ ಲೋಹ ನೀರಿಗೆ ಸೇರುವುದೆಂಬ ಚಿಂತೆ ಕೋಲಾರ, ತುಮಕೂರು ಸೀಮೆಯ ಬಂಧುಗಳಿಗೆ ಇದೆ. ನೀರಿನಲ್ಲಿ ಬೇಡವೆಂದು ದೂರವಿಡುವುದನ್ನು ಮಾತ್ರೆಯಲ್ಲಿ ಬೆಲೆ ಕೊಟ್ಟು ಕೊಳ್ಳುವುದು ಯಾವ ವಿವೇಕ?

ರೇಡಿಯಂನ ಕಥೆ ಇನ್ನೂ ದಾರುಣ. ದೇಹವು ಅದನ್ನು ಸುಣ್ಣದ ಅಂಶವೆಂದು ಬಗೆದು ಎಲುಬಿನಲ್ಲಿ ಕೂಡಿಡುತ್ತದೆ. ಅದರ ಅರ್ಧಾಯು 1,600 ವರ್ಷ. ಅಮೆರಿಕದ ಎಬೆನ್ ಬೈಯರ್ಸ್ ಎಂಬ ಉದ್ಯಮಿ ತೋಳುನೋವಿಗೆಂದು ‘ರೇಡಿಥಾರ್’ ಎಂಬ ರೇಡಿಯಂ ನೀರನ್ನು ಸಾವಿರಕ್ಕೂ ಹೆಚ್ಚು ಸೀಸೆ ಕುಡಿದು, ದವಡೆಯ ಎಲುಬು ನಶಿಸಿ 1932ರಲ್ಲಿ ತೀರಿಕೊಂಡನು. ಅದು ಹೋಮಿಯೋಪಥಿಯ ಔಷಧವಾಗಿರಲಿಲ್ಲ. ವಸ್ತು ನಿಜವಾಗಿಯೂ ಸೀಸೆಯಲ್ಲಿದ್ದಾಗ ಏನಾಗುತ್ತದೆಂಬುದಕ್ಕೆ ಮಾತ್ರ ಅದನ್ನು ಇಲ್ಲಿ ಹೇಳಿದೆವು.

ವಿಕಿರಣದಿಂದ ಚಿಕಿತ್ಸೆಯೇ ಇಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಊರಿನಿಂದ ಬಹುದೂರವೇನೂ ಇರದ ಕಿದ್ವಾಯಿ ಆಸ್ಪತ್ರೆಯಲ್ಲಿ ಅರ್ಬುದ ರೋಗಿಗಳಿಗೆ ದೊರೆಯುವುದು ಅಂಥ ಚಿಕಿತ್ಸೆಯೇ. ಥೈರಾಯ್ಡ್ ಅರ್ಬುದಕ್ಕೆ ಕೊಡುವ ವಿಕಿರಣಶೀಲ ಅಯೋಡಿನ್ನಿನ ಅರ್ಧಾಯು ಎಂಟು ದಿನ. ಎಷ್ಟು ಪ್ರಮಾಣ, ಯಾವ ಅಂಗಕ್ಕೆ, ಎಷ್ಟು ದಿನ ಇತರರಿಂದ ದೂರವಿರಬೇಕು ಎಂಬುದೆಲ್ಲ ಅಳತೆಗೆ ಒಳಪಟ್ಟಿದೆ. ಅಲ್ಲಿ ಅಳೆದ ಮೇಲೆಯೇ ಕೊಡುವುದು.

ಇನ್ನು ನಮ್ಮ ಮನೆಯ ಮಾತು. ಪಾದರಸ, ಗಂಧಕ, ತಾಳಕಗಳಿಂದ ತಯಾರಾಗುವ ರಸೌಷಧಗಳು ಆಯುರ್ವೇದದಲ್ಲಿವೆ. ಶೋಧನ, ಮಾರಣಗಳಾಗಿವೆಯೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಪ್ರತಿ ತಯಾರಿಕೆಯಲ್ಲಿಯೂ ಲೋಹದ ಅಂಶವನ್ನು ಯಂತ್ರದಿಂದ ಅಳೆದು ಪ್ರಮಾಣಪತ್ರ ನೀಡಬೇಕು. ಇಂಥ ಒತ್ತಾಯವನ್ನು ಆಯುರ್ವೇದದ ನಿಂದೆಯೆಂದು ಭಾವಿಸುವ ಸಹವೈದ್ಯರಿದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಹೋಮಿಯೋಪಥಿಯ ಹಿರಿಯರೂ ತಮ್ಮ ವಿಕಿರಣಶೀಲ ಔಷಧಗಳ ವಿಷಯದಲ್ಲಿ ಇದೇ ಕ್ರಮವನ್ನು ಕೈಗೊಳ್ಳಲಿ. ಮನುಷ್ಯರ ಮೇಲೆ ಪರೀಕ್ಷೆ ನಡೆಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ಪಾಲ್ಗೊಳ್ಳುವವರ ತಿಳಿದು ಕೊಟ್ಟ ಸಮ್ಮತಿ, ಹೋಲಿಕೆಯ ಗುಂಪು ಇರಲಿ. ಕಾಲೇಜಿನ ವಿದ್ಯಾರ್ಥಿಗಳನ್ನು ಸುಲಭವಾಗಿ ಸಿಗುವರೆಂದು ಇಂಥ ಪರೀಕ್ಷೆಗೆ ಕೂರಿಸಬಾರದು.

ಈ ಮಾತ್ರೆ ಸೇವಿಸುತ್ತಿರುವ ಭಕ್ತರು ಸೀಸೆಯ ಮೇಲಿನ ಅಕ್ಷರವನ್ನು ಇಂದೇ ನೋಡಬೇಕು. 1ಎಕ್ಸ್‌ನಿಂದ 3ಎಕ್ಸ್‌ವರೆಗೆ ಯಾವುದಿದ್ದರೂ ನಿಲ್ಲಿಸಿ, ಕೊಟ್ಟ ವೈದ್ಯರಿಗೆ ತಿಳಿಸಿ, ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಿರಿ. 30ಸಿ ಇದ್ದರೆ ಅದರಿಂದ ವಿಷದ ಭಯವಿಲ್ಲ. ಆದರೆ ಅದನ್ನು ನಂಬಿ ಇನ್ಸುಲಿನ್ನನ್ನಾಗಲಿ ದಿನನಿತ್ಯದ ಸಕ್ಕರೆ ಮಾತ್ರೆಯನ್ನಾಗಲಿ ಬಿಟ್ಟವರು ತಡಮಾಡದೆ ತಮ್ಮ ವೈದ್ಯರನ್ನು ಕಾಣಬೇಕು.