ಆಟ ಆಡಿಸುವ ಊರಿಗೆ ನಾಟಕ ಭಾರವೇ?

ನಾಟಕ ಶುರುವಾಗುವುದು ಸಂಜೆ ಆರೂವರೆಗೆ. ಮುಗಿಯುವಾಗ ಎಂಟೂವರೆ, ಕೆಲವೊಮ್ಮೆ ಒಂಬತ್ತು. ಉಡುಪಿಯಿಂದ ನಮ್ಮ ಕಡೆಗೆ ಕೊನೆಯ ಬಸ್ಸು ಇದ್ದದ್ದು ಏಳೂ ಮುಕ್ಕಾಲಿಗೆ. ಕಾಲೇಜಿನಲ್ಲಿದ್ದಾಗ ನಾವು ನೋಡಿದ ನಾಟಕಗಳೆಲ್ಲ ಅರ್ಧಂಬರ್ಧ. ಕೊನೆಗೆ ಏನಾಯಿತು ಎಂದು ಮರುದಿನ ಪೇಟೆಯ ಗೆಳೆಯರನ್ನು ಕೇಳಿ ತಿಳಿದುಕೊಳ್ಳುತ್ತಿದ್ದೆವು.

ಈಗಲೂ ಪರಿಸ್ಥಿತಿ ಹೆಚ್ಚೇನೂ ಬದಲಾಗಿಲ್ಲ. ನಮ್ಮ ಜಿಲ್ಲೆಗೆ ಒಳ್ಳೆಯ ನಾಟಕಗಳು ಬರುತ್ತವೆ. ಉಡುಪಿಯಲ್ಲಿ ಒಂದು ದಿನ, ಮಣಿಪಾಲದಲ್ಲಿ ಒಂದು ದಿನ ಆಡಿ ಮುಂದಿನ ಊರಿಗೆ ಹೋಗುತ್ತವೆ. ಕಾಪು, ಕಾರ್ಕಳದ ಒಳ ಊರುಗಳಲ್ಲಿರುವ ನಮಗೆ ಮರುದಿನ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತದೆ, ಅಷ್ಟೇ.

ಇದಕ್ಕೆ ಯಾರನ್ನು ದೂರುವುದು? ತಂಡಗಳನ್ನೇ, ಸರ್ಕಾರವನ್ನೇ? ನಾವು ಕೂತು ಯೋಚಿಸಿದಾಗ ಮೊದಲ ದೂರು ನಮ್ಮ ಮೇಲೆಯೇ ಬಂತು. ನಾಟಕ ನಮ್ಮೂರಿಗೆ ಬಾರದಿರುವುದಕ್ಕೆ ದೊಡ್ಡ ಕಾರಣ, ನಾವು ಕರೆಯದಿರುವುದು.

ನೀನಾಸಂ ತಿರುಗಾಟವನ್ನೇ ನೋಡಿ. ಸಾಗರದ ಹತ್ತಿರದ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. ಅಲ್ಲಿ 1949ರಲ್ಲಿ ಊರವರೇ ಸೇರಿ ನೀನಾಸಂ ಕಟ್ಟಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. 1985ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ಜೊತೆಗಾರರು ತಿರುಗಾಟ ಎಂಬ ತಂಡವನ್ನು ಹೊರಡಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿರುಗಾಟ ಇಂದಿಗೂ ನಡೆಯುತ್ತಿದೆ.

ಅದರ ಕ್ರಮ ಸರಳ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು. ಮಳೆ ಬಿಟ್ಟ ಮೇಲೆ ನಟರು, ತಂತ್ರಜ್ಞರು, ಪರದೆ, ದೀಪ, ವೇಷ ಎಲ್ಲ ಗಾಡಿ ಹತ್ತಿ ರಾಜ್ಯ ಸುತ್ತಲು ಹೊರಡುತ್ತವೆ. ಮಧ್ಯಾಹ್ನ ಒಂದು ಊರಿಗೆ ತಲುಪುತ್ತಾರೆ. ನಟರೇ ಸಾಮಾನು ಇಳಿಸಿ, ರಂಗ ಕಟ್ಟಿ, ದೀಪ ಹೊಂದಿಸುತ್ತಾರೆ. ಸಂಜೆ ಬಣ್ಣ ಹಚ್ಚಿ ಆಡುತ್ತಾರೆ. ರಾತ್ರಿ ಎಲ್ಲವನ್ನೂ ಬಿಚ್ಚಿ ಮತ್ತೆ ಗಾಡಿಗೆ ತುಂಬುತ್ತಾರೆ. ತಿಂಗಳುಗಟ್ಟಲೆ ಇದೇ ದಿನಚರಿ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಂಡ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಪ್ರತಿ ಊರಿನಲ್ಲಿ ಕರೆಯುವವರು ಬೇಕು. ಉಡುಪಿಯಲ್ಲಿ ರಥಬೀದಿ ಗೆಳೆಯರು, ರಂಗಭೂಮಿ ಮುಂತಾದ ಸಂಸ್ಥೆಗಳು ಹಲವು ದಶಕಗಳಿಂದ ರಂಗದ ಕೆಲಸ ಮಾಡುತ್ತಿರುವುದರಿಂದ ಅಲ್ಲಿ ನಾಟಕ ನಡೆಯುತ್ತದೆ. ಪೇಟೆಯವರಿಗೆ ನಾಟಕದ ಹುಚ್ಚು ಹೆಚ್ಚು, ಹಳ್ಳಿಯವರಿಗೆ ಕಡಿಮೆ ಎಂದೇನಲ್ಲ. ಪೇಟೆಯಲ್ಲಿ ಜವಾಬ್ದಾರಿ ಹೊರುವ ಹತ್ತು ಜನ ಇದ್ದಾರೆ.

ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಮುದ್ದಣ ಮಂಟಪವಿದೆ. ಎಷ್ಟೋ ಒಳ್ಳೆಯ ನಾಟಕಗಳು ಅಲ್ಲಿ ಆಗಿವೆ. ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು, ಯಕ್ಷಗಾನ ಪ್ರಸಂಗಗಳನ್ನೂ ಬರೆದವರು. ನಂದಳಿಕೆ ಇರುವುದು ಕಾರ್ಕಳ ತಾಲೂಕಿನಲ್ಲಿ. ಇವತ್ತು ನಂದಳಿಕೆಯ ಶಾಲೆಯ ಹುಡುಗಿಯೊಬ್ಬಳು ಮುದ್ದಣನ ಹೆಸರಿನ ಆ ಮಂಟಪದಲ್ಲಿ ಪೂರ್ತಿ ನಾಟಕ ನೋಡಬೇಕಾದರೆ, ರಾತ್ರಿ ಮನೆಗೆ ಕರೆದುಕೊಂಡು ಬರಲು ಅವಳ ಮನೆಯಲ್ಲಿ ಬೈಕೋ ಕಾರೋ ಇರಬೇಕು.

ಹಾಗಾದರೆ ಹಳ್ಳಿಯಲ್ಲಿ ಕರೆಯುವ ಶಕ್ತಿ ಇಲ್ಲವೇ? ಖಂಡಿತ ಇದೆ. ನಮ್ಮಷ್ಟು ಚೆನ್ನಾಗಿ ಕಲಾವಿದರನ್ನು ಕರೆದು ಸತ್ಕರಿಸುವ ಜನ ಬೇರೆಡೆ ಸಿಗುವುದು ಕಷ್ಟ.

ಮಂದಾರ್ತಿ, ಕಟೀಲು ಮೇಳಗಳ ಹರಕೆ ಆಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುತ್ತೇವೆ. ನಮ್ಮ ಸರದಿ ಬಂದಾಗ ಗದ್ದೆ ಹದ ಮಾಡುತ್ತೇವೆ. ಪಂಚಾಯತ್, ಪೊಲೀಸ್ ಠಾಣೆಗೆ ಅರ್ಜಿ ಕೊಡುತ್ತೇವೆ. ಕರೆಂಟಿಗೆ ಮೆಸ್ಕಾಂ, ಅದು ಕೈಕೊಟ್ಟರೆ ಜನರೇಟರ್. ಚೌಕಿಗೆ ಜಾಗ, ಕಲಾವಿದರಿಗೆ ಊಟ, ಬಂದ ಸಾವಿರ ಜನರಿಗೂ ಊಟ. ಮಲ್ಪೆಯಿಂದ ಬೆಳ್ಮಣ್ಣಿನ ತನಕ ಈ ಕೆಲಸ ಗೊತ್ತಿಲ್ಲದ ಊರಿಲ್ಲ.

ತುಳು ನಾಟಕಗಳ ವಿಷಯವೂ ಹಾಗೆಯೇ. ಯುವಕ ಮಂಡಲದ ವಾರ್ಷಿಕೋತ್ಸವ, ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಅಮೃತ ಮಹೋತ್ಸವ ಎಂದರೆ ರಾತ್ರಿಗೆ ಒಂದು ತುಳು ನಾಟಕ ಬೇಕೇ ಬೇಕು. ಕಾಪು ರಂಗತರಂಗದಂಥ ತಂಡಗಳನ್ನು ಬೆಳೆಸಿದ್ದು ಇದೇ ಊರುಗಳು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ 'ಶಿವದೂತ ಗುಳಿಗೆ' ನೂರಾರು ಪ್ರದರ್ಶನ ಕಂಡದ್ದು ಜನ ಮುಗಿಬಿದ್ದು ಕರೆದದ್ದರಿಂದ. ಮೊಬೈಲ್ ಬಂದು ನಾಟಕ ಸತ್ತಿತು ಎನ್ನುವವರು ಅದರ ಒಂದು ಪ್ರದರ್ಶನದ ಪಾರ್ಕಿಂಗ್ ನೋಡಿದ್ದರೆ ಸಾಕಿತ್ತು.

ಅಂದರೆ ನಮಗೆ ಗದ್ದೆಯಿದೆ, ಕೈಗಳಿವೆ, ಅಭ್ಯಾಸವಿದೆ, ಮನಸ್ಸು ಮಾಡಿದರೆ ಹಣವೂ ಇದೆ. ಆದರೂ ತಿರುಗಾಟದ ನಾಟಕವೊಂದನ್ನು ಕರೆಯೋಣ ಎಂದರೆ, 'ಅದೆಲ್ಲ ಯಾರಿಗೆ ಅರ್ಥ ಆಗ್ತದೆ' ಎಂಬ ಉತ್ತರ ಬರುತ್ತದೆ.

ಎರಡು ವರ್ಷದ ಹಿಂದೆ ಈ ಮಾತನ್ನು ಪರೀಕ್ಷೆ ಮಾಡಿಯೇಬಿಡೋಣ ಎಂದು ಹೊರಟೆವು. ಕಾಪು ತಾಲೂಕಿನ ಒಂದು ಸರ್ಕಾರಿ ಶಾಲೆಯ ಬಯಲು ವೇದಿಕೆಗೆ ಹೊರಗಿನ ಒಂದು ಸಣ್ಣ ತಂಡವನ್ನು ಕರೆಸಿದೆವು. ಊರಿನ ಯುವಕ ಮಂಡಲ ಜೊತೆಗೆ ನಿಂತಿತು. ಟಿಕೆಟ್ 50 ರೂಪಾಯಿ, ಮಕ್ಕಳಿಗೆ ಉಚಿತ.

ನಾವು ಮಾಡದ ತಪ್ಪಿಲ್ಲ. ದಿನ ಗೊತ್ತು ಮಾಡುವಾಗ ಪಕ್ಕದ ಊರಿನ ನೇಮ ನೆನಪಿಗೆ ಬರಲಿಲ್ಲ. ಆರೂವರೆಗೆ ಸಭಾ ಕಾರ್ಯಕ್ರಮ ಶುರುಮಾಡಿದೆವು. ಸ್ವಾಗತ, ಪ್ರಸ್ತಾವನೆ, ನಾಲ್ವರಿಗೆ ಶಾಲು ಹಾರ, ಆರು ಜನರ ಭಾಷಣ. ನಾಟಕ ಶುರುವಾಗುವಾಗ ಎಂಟು ಕಾಲು. ಮುಂದಿನ ಸಾಲಿನ ಮಕ್ಕಳಲ್ಲಿ ಅರ್ಧದಷ್ಟು ನಿದ್ದೆ ಹೋಗಿದ್ದರು. ಹತ್ತು ಗಂಟೆಗೆ ಮೈಕ್ ನಿಲ್ಲಿಸಬೇಕಾದ ಕಾರಣ ತಂಡದವರು ಒಂದು ದೃಶ್ಯವನ್ನೇ ಬಿಟ್ಟುಬಿಟ್ಟರು. ಬಸ್ಸಿನ ದೆಸೆಯಿಂದ ಅರ್ಧ ನಾಟಕ ನೋಡಿದ್ದ ನಾವೇ ಇಡೀ ಊರಿಗೆ ಅರ್ಧ ನಾಟಕ ತೋರಿಸಿದ ಹಾಗಾಯಿತು.

ಆದರೂ ಬಂದಿದ್ದ ನೂರ ನಲವತ್ತು ಜನರಲ್ಲಿ ಎದ್ದು ಹೋದವರು ಕಡಿಮೆ. ಅದು ಮನೆ ಪಾಲಾಗುವ ಕಥೆ. ಮುಗಿದ ಮೇಲೆ ಬೀಡಿ ಕಟ್ಟುವ ಅಕ್ಕ ಒಬ್ಬರು ಕುರ್ಚಿಯಿಂದ ಏಳಲೇ ಇಲ್ಲ. ಹತ್ತಿರ ಹೋದಾಗ, 'ಇದು ನಮ್ಮ ಮನೆಯದ್ದೇ ಅಲ್ವಾ ಮಾರಾಯ್ರೇ, ಇವರಿಗೆ ಯಾರು ಹೇಳಿದ್ದು?' ಎಂದು ಕೇಳಿದರು. ಯಾರಿಗೆ ಅರ್ಥ ಆಗ್ತದೆ ಎಂಬ ಪ್ರಶ್ನೆಗೆ ನಮಗೆ ಅಲ್ಲೇ ಉತ್ತರ ಸಿಕ್ಕಿತು.

ಅಪ್ಪನ ಜಾಗದಲ್ಲಿ ತಂಗಿಗೆ ಪಾಲು ಬೇಕೋ ಬೇಡವೋ, ಬೇರೆ ಜಾತಿಯ ಹುಡುಗನನ್ನು ಮೆಚ್ಚಿದವಳನ್ನು ಮನೆಗೆ ಸೇರಿಸಬೇಕೋ ಬೇಡವೋ, ದುಬೈಯಿಂದ ಬಂದ ಮಗ ಮುದುಕರನ್ನು ಎಲ್ಲಿ ಬಿಡಬೇಕು. ಇಂಥದ್ದನ್ನೆಲ್ಲ ಊರಿನಲ್ಲಿ ಬಾಯಿಬಿಟ್ಟು ಮಾತಾಡಲು ಜಾಗವಿಲ್ಲ. ಫೇಸ್‌ಬುಕ್‌ನಲ್ಲಿ ಮಾತಾಡಿದರೆ ಜಗಳ. ನಾಟಕದಲ್ಲಿ ಬೇರೆ ಯಾರದ್ದೋ ಮನೆಯ ಕಥೆ ಎಂಬ ನೆಪದಲ್ಲಿ ಅಕ್ಕಪಕ್ಕ ಕುಳಿತು ನೋಡುತ್ತೇವೆ. ಎಲ್ಲರೂ ಒಟ್ಟಿಗೆ ನೋಡಿದ್ದೇವೆ ಎಂಬುದೇ ಮರುದಿನ ಮಾತಿಗೆ ದಾರಿ ಮಾಡುತ್ತದೆ. ಫೋನಿನಲ್ಲಿ ಒಬ್ಬೊಬ್ಬರೇ ನೋಡುವ ವಿಡಿಯೋದಿಂದ ಈ ಕೆಲಸ ಆಗುವುದಿಲ್ಲ.

ಇನ್ನೊಂದು ಲಾಭವೂ ಇದೆ. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗನೊಬ್ಬ ನಾಟಕದ ಸೆಳೆತಕ್ಕೆ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದ. ಮುಂದೆ ಅವನೇ ಬಿ.ವಿ. ಕಾರಂತ. 1989ರಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣಕ್ಕೆ ಮೊದಲ ನಿರ್ದೇಶಕ. ನಮ್ಮ ಮಕ್ಕಳೆಲ್ಲ ಮನೆ ಬಿಟ್ಟು ಓಡಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಇಂಥದ್ದೊಂದು ಕೆಲಸವೂ ಲೋಕದಲ್ಲಿದೆ ಎಂದು ಗೊತ್ತಾಗಬೇಕಾದರೆ ಅದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು.

ಸರ್ಕಾರಕ್ಕೂ ಒಂದು ಮಾತು. ಕಾರ್ಕಳದ ಕೋಟಿ ಚೆನ್ನಯ ಥೀಮ್ ಪಾರ್ಕಿನಲ್ಲಿ ಯಕ್ಷ ರಂಗಾಯಣ ಇದೆ. ಕರಾವಳಿಗೆ ಸಿಕ್ಕ ರಂಗಾಯಣ, ನಮ್ಮದೇ ತೆರಿಗೆಯ ಹಣದ್ದು. ಅದರ ನಾಟಕಗಳು ದೊಡ್ಡ ಪೇಟೆಗಳಿಗೆ ಹೋಗಲಿ, ಸಂತೋಷ. ಅದರ ಜೊತೆಗೆ ಪ್ರತಿವರ್ಷ ಇಷ್ಟು ಪ್ರದರ್ಶನ ಗ್ರಾಮ ಪಂಚಾಯತ್ ಮಟ್ಟದಲ್ಲೇ ಆಗಬೇಕು ಎಂಬ ನಿಯಮ ಮಾಡಿ. ಯಾವ ಊರು, ಯಾವ ದಿನ ಎಂದು ವರ್ಷದ ಮೊದಲೇ ಪಟ್ಟಿ ಹಾಕಿ. ಕರೆಯುವ ಊರಿನಿಂದ ಊಟ, ವಸತಿ, ಜಾಗ. ಸಂಬಳ, ಸಾಗಾಟ ಸರ್ಕಾರದಿಂದ. ಇದು ದೊಡ್ಡ ಬೇಡಿಕೆ ಅಂತ ನಮಗನ್ನಿಸುವುದಿಲ್ಲ.

ತಂಡಗಳಿಗೂ ಒಂದು ಮಾತು. ನಮ್ಮಲ್ಲಿ ದೀಪಾವಳಿಯಿಂದ ಪತ್ತನಾಜೆ ತನಕ ಒಂದು ರಾತ್ರಿಯೂ ಖಾಲಿ ಇರುವುದಿಲ್ಲ. ಆಟ, ನೇಮ, ಕಂಬಳ, ಕೋಲ, ಜಾತ್ರೆ, ಸ್ಕೂಲ್ ಡೇ. ನಿಮ್ಮ ತಿರುಗಾಟವೂ ಅದೇ ತಿಂಗಳುಗಳಲ್ಲಿ. ಹಾಗಾಗಿ ದಿನಾಂಕ ಗೊತ್ತು ಮಾಡುವ ಮೊದಲು ಊರಿನ ಯಾರಿಗಾದರೂ ಒಂದು ಫೋನ್ ಮಾಡಿ. ಸಾಧ್ಯವಾದರೆ ಮಧ್ಯಾಹ್ನ ಹೈಸ್ಕೂಲಿನ ಮಕ್ಕಳಿಗೆ ಒಂದು ಪ್ರದರ್ಶನ ಕೊಡಿ. ಆ ಮಕ್ಕಳೇ ಸಂಜೆ ಮನೆಯವರನ್ನು ಎಳೆದುಕೊಂಡು ಬರುತ್ತಾರೆ.

ಇನ್ನು ನಮ್ಮ ಯುವಕ ಮಂಡಲ, ಮಹಿಳಾ ಮಂಡಲಗಳ ಗೆಳೆಯರಿಗೆ. ಪೆಟ್ಟು ತಿಂದು ಕಲಿತ ನಾಲ್ಕು ಪಾಠ ಹೇಳುತ್ತೇವೆ.

ಒಂದು, ಮಳೆಗಾಲದಲ್ಲೇ ತಂಡದವರನ್ನು ಸಂಪರ್ಕಿಸಿ. ವೇದಿಕೆಯ ಉದ್ದ ಅಗಲ, ಕರೆಂಟ್ ಎಷ್ಟು ಬೇಕು, ಎಷ್ಟು ಜನ ಬರುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಮೊದಲೇ ಬರೆದುಕೊಳ್ಳಿ. ಶಾಲೆಯ ಜಾಗವಾದರೆ ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯವರ ಒಪ್ಪಿಗೆ ಪಡೆಯಿರಿ.

ಎರಡು, ಸಭಾ ಕಾರ್ಯಕ್ರಮ ಬೇಡ. ಬೇಕೇ ಬೇಕೆಂದರೆ ಹತ್ತು ನಿಮಿಷ. ಶಾಲು ಹೊದಿಸುವುದಿದ್ದರೆ ನಾಟಕ ಮುಗಿದ ಮೇಲೆ ಹೊದಿಸಿ. ಉಳಿದವರೆಷ್ಟು ಜನ ಎಂದು ಆಗ ಗೊತ್ತಾಗುತ್ತದೆ.

ಮೂರು, ಟಿಕೆಟ್ ಇಡಿ. 300 ಜನ 50 ರೂಪಾಯಿಯಂತೆ ಕೊಟ್ಟರೆ 15,000 ಆಗುತ್ತದೆ. ಎಲ್ಲ ಖರ್ಚು ಇದರಲ್ಲಿ ಹುಟ್ಟಲಿಕ್ಕಿಲ್ಲ. ಆದರೆ ಒಬ್ಬ ದಾನಿಯ ಫ್ಲೆಕ್ಸ್ ಕೆಳಗೆ ಪುಕ್ಕಟೆ ನೋಡುವುದಕ್ಕೂ ನಮ್ಮ ಹಣದಲ್ಲಿ ನೋಡುವುದಕ್ಕೂ ವ್ಯತ್ಯಾಸವಿದೆ. ದಾನಿಗೆ ಇಷ್ಟವಾಗದ ನಾಟಕವನ್ನೂ ಆಗ ಕರೆಯಬಹುದು. ಟಿಕೆಟ್ ಕೊಳ್ಳಲು ಆಗದವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ.

ನಾಲ್ಕು, ಮೊದಲ ವರ್ಷ ಜನ ಕಡಿಮೆ ಬರುತ್ತಾರೆ. ಎರಡನೇ ವರ್ಷವೂ ಕರೆಯಿರಿ. ಎರಡನೇ ವರ್ಷ ಕರೆಯದಿದ್ದದ್ದು ನಮ್ಮ ಎಲ್ಲಕ್ಕಿಂತ ದೊಡ್ಡ ತಪ್ಪು.

ಈ ಸಲ ಆ ತಪ್ಪನ್ನು ತಿದ್ದಿಕೊಳ್ಳುತ್ತೇವೆ. ಅದೇ ಶಾಲೆ, ಅದೇ ಬಯಲು ವೇದಿಕೆ. ನೇಮ, ಆಟ, ಜಾತ್ರೆಗಳ ದಿನಾಂಕ ನೋಡಿಯೇ ದಿನ ಗೊತ್ತು ಮಾಡುತ್ತೇವೆ. ನಾಟಕ ಸರಿಯಾಗಿ ಆರೂವರೆಗೆ ಶುರು, ಭಾಷಣ ಇಲ್ಲ. ಒಳರಸ್ತೆಯವರನ್ನು ಮನೆ ಮುಟ್ಟಿಸಲು ಎರಡು ಟೆಂಪೋದವರು ಒಪ್ಪಿದ್ದಾರೆ. ಕೊನೆಯ ಬಸ್ಸಿನ ಚಿಂತೆ ಇಲ್ಲದೆ, ಕೊನೆಯ ದೃಶ್ಯದ ತನಕ ಕೂತು ನೋಡಬಹುದು.

ನಿಮ್ಮೂರಿನಲ್ಲೂ ಆಗುತ್ತದೆ. ಹತ್ತು ಜನ ಸೇರಿ ಕರೆಯಿರಿ.