ತಡವಾಗಿ ಬಂದಾಕಿ ಕೂಲಿ

ಅಕ್ಕಾರೆ, ಭಾನುವಾರ ಚರ್ಚ್‌ನಾಗೆ ದೇವರ ಕೃಪೆ ಅಂತ ಕೇಳ್ತೀವಿ. ನನ್ನ ಕೇಳಿದ್ರೆ, ಅದು ನಮ್ಮಾಗೆ ಐತೋ ಇಲ್ಲೋ ಅಂತ ಗೊತ್ತಾಗೋದು ಗದ್ದೆ ಬದುವಿನ ಮ್ಯಾಲೆ, ಕೂಲಿ ಎಣಿಸೋವಾಗ.

ಮತ್ತಾಯನ ಸುವಾರ್ತೆ 20ನೇ ಅಧ್ಯಾಯದಾಗೆ ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದೋರಿಗೂ, ಸಂಜಿಗೆ ಒಂದೇ ತಾಸು ದುಡಿದೋರಿಗೂ ಸಮ ಕೂಲಿ ಕೊಟ್ಟ. ಮೊದಲು ಬಂದೋರು ಗೊಣಗಿದ್ರು. ಆದ್ರೆ ಅವರಿಗೆ ಮಾತಾಡಿದ ಕೂಲಿ ಒಂದು ಕಾಸೂ ಕಮ್ಮಿ ಆಗಿರಲಿಲ್ಲ.

ನಮ್ಮ ತೊಗರ್ಸಿ ಕಡೆ ನಾಟಿ ಹೊತ್ತಿನಾಗೆ, ಮಗಿಗೆ ಜ್ವರ ಅಂತ ಒಬ್ಬಾಕಿ ತಡವಾಗಿ ಬಂದ್ಲು ಅನ್ನಿ. ಅರ್ಧ ಕೂಲಿ ಮುರಕೊಂಡ್ರೆ ಲೆಕ್ಕ ಸರಿನೇ. ಆದ್ರೆ ಆಕಿ ಮನಿ ಹಸಿವು ಅರ್ಧ ಆಗಲ್ಲ. ಪೂರ್ತಿ ಕೊಡ್ರಿ, ಕೊಟ್ಟಿದ್ದನ್ನ ಊರಿಗೆಲ್ಲ ಹೇಳಬ್ಯಾಡ್ರಿ. ದೇವರ ಮುಂದೆ ನಾವೂ ತಡವಾಗಿ ಬಂದೋರೇ, ನಮಗೂ ಆತ ಮುರಕೊಂಡಿಲ್ಲ.